ಎಲ್‌ಕೆಜಿಯ ‘ಕೆಜಿ’ ಶುರುವಾಗಿದ್ದು ಪುಸ್ತಕದಿಂದಲ್ಲ, ಮರದ ತುಂಡುಗಳಿಂದ

ಎಲ್‌ಕೆಜಿ, ಯುಕೆಜಿ ಅಂತ ದಿನಾ ಹೇಳುತ್ತೇವೆ. ಅದರಲ್ಲಿರುವ ‘ಕೆಜಿ’ ಅಂದರೆ ಕಿಂಡರ್‌ಗಾರ್ಟನ್, ಜರ್ಮನ್ ಭಾಷೆಯಲ್ಲಿ ‘ಮಕ್ಕಳ ತೋಟ’. ಈ ಹೆಸರಿಟ್ಟವರು ಫ್ರೆಡ್ರಿಕ್ ಫ್ರೋಬೆಲ್. ಮೂರು ವರ್ಷದ ಮಗುವಿಗೆ ಹೋಂವರ್ಕ್ ಕೊಡುವ ಇಂದಿನ ಕೆಜಿಯನ್ನು ನೋಡಿದ್ದರೆ, ಇದು ತಾವು ಶುರು ಮಾಡಿದ್ದೇ ಎಂದು ಅವರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ!

ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ಜರ್ಮನಿಯ ತುರಿಂಗಿಯಾ ಪ್ರದೇಶದ ಹಳ್ಳಿಯೊಂದರಲ್ಲಿ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆ ಚರ್ಚಿನ ಪಾದ್ರಿ, ಮಗನಿಗೆ ಕೊಡಲು ಸಮಯವಿರಲಿಲ್ಲ. ಹುಡುಗ ಹೆಚ್ಚಾಗಿ ಒಂಟಿಯಾಗಿಯೇ ಬೆಳೆದ. 15ನೇ ವಯಸ್ಸಿಗೆ ಅರಣ್ಯಾಧಿಕಾರಿಯೊಬ್ಬರ ಕೈಕೆಳಗೆ ಕೆಲಸ ಕಲಿಯಲು ಸೇರಿದರು. ಮುಂದೆ ಕಟ್ಟಡ ವಿನ್ಯಾಸ ಕಲಿಯಲು ಹೊರಟವರು 1805ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೇಷ್ಟ್ರಾದರು. ನಡುವೆ ಬರ್ಲಿನ್‌ನ ಖನಿಜ ಸಂಗ್ರಹಾಲಯದಲ್ಲಿ ಹರಳುಗಳನ್ನು ವಿಂಗಡಿಸುವ ಕೆಲಸವನ್ನೂ ಮಾಡಿದರು. ಸರಳ ಆಕಾರಗಳ ಮೇಲಿನ ಅವರ ಹುಚ್ಚಿಗೆ ಈ ಹರಳುಗಳ ಒಡನಾಟವೂ ಒಂದು ಕಾರಣ.

1837ರಲ್ಲಿ, 55ನೇ ವಯಸ್ಸಿನಲ್ಲಿ, ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದರು. ಮೂರು ವರ್ಷದ ನಂತರ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಾಯಿತು. ಅಲ್ಲಿದ್ದ ಸಾಮಾನು ಬಹಳ ಸರಳ. ಮೊದಲು ಆರು ಬಣ್ಣದ ಉಣ್ಣೆಯ ಚೆಂಡುಗಳು. ನಂತರ ಮರದ ಗೋಳ, ಘನ, ಸಿಲಿಂಡರ್. ಆಮೇಲೆ ಎಂಟು ಚಿಕ್ಕ ತುಂಡುಗಳಾಗಿ ಬಿಡಿಸಬಹುದಾದ ಒಂದು ಘನ. ಮಗು ಅದನ್ನು ಬಿಡಿಸಿ ಕುರ್ಚಿ ಮಾಡುತ್ತದೆ, ಮೆಟ್ಟಿಲು ಕಟ್ಟುತ್ತದೆ, ಕೆಡವುತ್ತದೆ. ಅರ್ಧ, ಕಾಲು, ಅರೆಕಾಲು ಎಂಬ ಪದಗಳು ಕಿವಿಗೆ ಬೀಳುವ ಮೊದಲೇ ಅವು ಕೈಗೆ ಗೊತ್ತಾಗಿರುತ್ತವೆ. ಕಾಗದ ಮಡಿಸುವುದು, ಮಣ್ಣು ನಾದುವುದು, ಗಿಡ ನೆಡುವುದು ಕೂಡ ಅಲ್ಲಿನ ಪಾಠವೇ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳಿನ ಹಿಡಿತ ಬರುವುದೂ ಇಂಥ ಕೆಲಸಗಳಿಂದ.

ಎಲ್ಲವೂ ಸರಿಯಿತ್ತು ಅಂತಲ್ಲ. ಪ್ರತಿ ಚೆಂಡಿನಲ್ಲೂ ಫ್ರೋಬೆಲ್ ಆಧ್ಯಾತ್ಮಿಕ ಅರ್ಥ ಹುಡುಕುತ್ತಿದ್ದರು. ಅವರ ಕೆಲವು ಶಿಷ್ಯರು ಆಟವನ್ನೇ ಕಟ್ಟುನಿಟ್ಟಿನ ಡ್ರಿಲ್ ಮಾಡಿಬಿಟ್ಟರು. ಅಮೆರಿಕದ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಚಿಕ್ಕಂದಿನಲ್ಲಿ ಆಡಿದ್ದು ಇದೇ ತುಂಡುಗಳಲ್ಲಿ. ಹಾಗಂತ ಬ್ಲಾಕ್ಸ್ ಆಡಿದವರೆಲ್ಲ ಆರ್ಕಿಟೆಕ್ಟ್ ಆಗುತ್ತಾರೆ ಎಂದು ಫಾರ್ವರ್ಡ್ ಮಾಡಬೇಡಿ.

1851ರ ಆಗಸ್ಟ್‌ನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮಕ್ಕಳಿಗೆ ನಾಸ್ತಿಕತೆ, ಸಮಾಜವಾದ ಕಲಿಸುತ್ತಾರೆ ಎಂಬುದು ಆರೋಪ. ಇದಕ್ಕೆ ಒಂದು ಕಾರಣ ಹೆಸರಿನ ಗೊಂದಲ. ಶಾಲೆಗಳ ಬಗ್ಗೆ ಪುಸ್ತಿಕೆ ಬರೆದಿದ್ದ ಕಾರ್ಲ್ ಫ್ರೋಬೆಲ್ ಎಂಬ ಸಮಾಜವಾದಿ ಇವರ ಅಣ್ಣನ ಮಗ. ಸರ್ಕಾರ ಇಬ್ಬರನ್ನೂ ಒಂದೇ ಮಾಡಿಬಿಟ್ಟಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಒಬ್ಬರ ಸುದ್ದಿಗೆ ಇನ್ನೊಬ್ಬರ ಫೋಟೊ. ಅದು ತಾನಲ್ಲ ಎಂದು ಫ್ರೋಬೆಲ್ ತಿಳಿಸಿದರೂ ಆದೇಶ ಬದಲಾಗಲಿಲ್ಲ.

1852ರ ಜೂನ್‌ನಲ್ಲಿ ಅವರು ತೀರಿಕೊಂಡರು. ನಿಷೇಧ ತೆರವಾಗಿದ್ದು 1860ರಲ್ಲಿ. ಅಷ್ಟರಲ್ಲಿ ಅವರಿಂದ ಕಲಿತ ಮಾರ್ಗರೆಟೆ ಶುರ್ಜ್ ಅಮೆರಿಕದ ವಾಟರ್‌ಟೌನ್‌ನಲ್ಲಿ ಕಿಂಡರ್‌ಗಾರ್ಟನ್ ಶುರು ಮಾಡಿ ನಾಲ್ಕು ವರ್ಷವಾಗಿತ್ತು. ಜರ್ಮನಿಯ ಶ್ವೈನಾದಲ್ಲಿರುವ ಫ್ರೋಬೆಲ್ ಸಮಾಧಿಯ ಮೇಲೆ ಶಿಲುಬೆಯ ಬದಲು ಮೂರು ಕಲ್ಲುಗಳು ಒಂದರ ಮೇಲೊಂದು ನಿಂತಿವೆ: ಘನ, ಸಿಲಿಂಡರ್, ಮೇಲೊಂದು ಗೋಳ.