ಪಾದರಸದಿಂದ ಬ್ಯಾಟರಿ ತುಂಬಿಸಿದ ಹೆವಿಟ್

ವಿದ್ಯುತ್ ವಾಹನಗಳ ಚಾರ್ಜರ್‌ಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಆದರೂ ಬಿ.ಇ. ಮುಗಿಯುವವರೆಗೆ ಪೀಟರ್ ಕೂಪರ್ ಹೆವಿಟ್ ಎಂಬ ಹೆಸರನ್ನೇ ನಾನು ಕೇಳಿರಲಿಲ್ಲ. ನಮ್ಮ ಶಾಲೆಯ ಮಕ್ಕಳಿಗಾದರೂ ಅದು ತಿಳಿಯಲೆಂದು ಬರೆಯುತ್ತಿದ್ದೇನೆ.

ಹೆವಿಟ್ ಹುಟ್ಟಿದ್ದು 1861ರಲ್ಲಿ, ನ್ಯೂಯಾರ್ಕಿನ ಸಿರಿವಂತ ಮನೆತನದಲ್ಲಿ. ತಂದೆ ಆ ನಗರದ ಮೇಯರ್ ಆದವರು. ತಾಯಿಯ ತಂದೆ ಪೀಟರ್ ಕೂಪರ್, ದುಡಿಯುವ ಜನರ ಓದಿಗಾಗಿ ಕೂಪರ್ ಯೂನಿಯನ್ ಎಂಬ ಸಂಸ್ಥೆ ಕಟ್ಟಿದವರು. ಸರ್ಕಾರಿ ಶಾಲೆಯಲ್ಲಿ ಓದಿದ ನನಗೆ ಮೊಮ್ಮಗನಿಗಿಂತ ಈ ತಾತನ ಮೇಲೆಯೇ ಪ್ರೀತಿ ತುಸು ಹೆಚ್ಚು!

ಕೂತು ಉಣ್ಣಬಹುದಾಗಿದ್ದ ಹೆವಿಟ್ ಪ್ರಯೋಗಾಲಯ ಹಿಡಿದರು. 1901ರಲ್ಲಿ ಪಾದರಸದ ಆವಿಯ ದೀಪಕ್ಕೆ ಪೇಟೆಂಟ್ ಪಡೆದರು. ಅದರ ನೀಲಿ-ಹಸಿರು ಬೆಳಕಿನಲ್ಲಿ ಮನುಷ್ಯರ ಮುಖ ಕಳೆಗುಂದಿ ಕಾಣುತ್ತಿತ್ತು. ಹಾಗಾಗಿ ಅದು ಮನೆಗಳಿಗೆ ಒಗ್ಗಲಿಲ್ಲ, ಫೋಟೋ ಸ್ಟುಡಿಯೋಗಳಿಗೂ ಕಾರ್ಖಾನೆಗಳಿಗೂ ಹೋಯಿತು.

ಅದೇ ದೀಪದಿಂದ 1902ರಲ್ಲಿ ರೆಕ್ಟಿಫೈಯರ್ ಹುಟ್ಟಿತು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವ ಡಿ.ಸಿ. ತಂತಿಯಲ್ಲಿ ಬರುತ್ತಿದ್ದದ್ದು ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ಆಗಿನ ವಿದ್ಯುತ್ ಕಾರಿನ ಮಾಲೀಕ ಒಂದು ಮೋಟಾರಿನಿಂದ ಜನರೇಟರ್ ತಿರುಗಿಸಬೇಕಿತ್ತು. ಅದಕ್ಕೆ ಎಣ್ಣೆ, ಬ್ರಷ್, ಗದ್ದಲ ಎಲ್ಲವೂ ಇತ್ತು. ಹೆವಿಟ್ ಅವರ ಗಾಜಿನ ಬಲ್ಬಿನಲ್ಲಿ ತಿರುಗುವ ಭಾಗವೇ ಇಲ್ಲ. ತಳದಲ್ಲಿ ಪಾದರಸ, ಪಕ್ಕದಲ್ಲಿ ಎರಡು ತೋಳು. ಪಾದರಸದ ಮೇಲೆ ಉರಿಯುವ ಒಂದು ಚುಕ್ಕಿಯಿಂದ ಎಲೆಕ್ಟ್ರಾನುಗಳು ಚಿಮ್ಮುತ್ತವೆ. ತೋಳುಗಳು ಅವನ್ನು ಬರಮಾಡಿಕೊಳ್ಳುತ್ತವೆಯೇ ಹೊರತು ತಾವು ಚಿಮ್ಮಿಸುವುದಿಲ್ಲ. ಹಾಗಾಗಿ ಕರೆಂಟಿಗೆ ಒಂದೇ ದಾರಿ. ಎ.ಸಿ. ದಿಕ್ಕು ಬದಲಿಸಿದಂತೆ ತೋಳುಗಳು ಸರದಿಯಲ್ಲಿ ಕೆಲಸ ಮಾಡುತ್ತವೆ. ಚುಕ್ಕಿ ಒಮ್ಮೆ ಆರಿದರೆ ಬಲ್ಬನ್ನು ವಾಲಿಸಿ ಮತ್ತೆ ಹೊತ್ತಿಸಬೇಕು. ಸರದಿ ಬದಲಾಗುವ ಹೊತ್ತಿನಲ್ಲಿ ಅದು ಆರದಂತೆ ತಂತಿಯ ಸುರುಳಿಯೊಂದು ಕಾಯುತ್ತದೆ. ಆವಿಯಾದ ಪಾದರಸ ಗೋಡೆಗೆ ತಾಗಿ, ತಣಿದು, ಅನ್ನದ ಪಾತ್ರೆಯ ಮುಚ್ಚಳದ ಹನಿಯಂತೆ ಕೆಳಗಿಳಿಯುತ್ತದೆ.

ಈ ದಾರಿಗೆ ಸುಂಕವೂ ಉಂಟು, ಸುಮಾರು 15 ವೋಲ್ಟ್. 12 ವೋಲ್ಟಿನ ಬ್ಯಾಟರಿಗೆ ಇದನ್ನು ಹೂಡಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಬಲ್ಬಿನಲ್ಲೇ ಬಿಸಿಯಾಗಿ ಹೋಗುತ್ತದೆ. 80 ವೋಲ್ಟಿನ ಬ್ಯಾಟರಿಗಾದರೆ ಆರನೇ ಒಂದು ಪಾಲಿಗಿಂತ ಕಡಿಮೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಹೆವಿಟ್, ಎಲ್ಮರ್ ಸ್ಪೆರಿ ಅವರೊಡನೆ ಪೈಲಟ್ ಇಲ್ಲದ ವಿಮಾನಕ್ಕೂ ಕೈ ಹಾಕಿದರು. 1921ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರ ಪಾದರಸ ಮುಂದೆ ದಶಕಗಳ ಕಾಲ ರೈಲುಗಳನ್ನೂ ಓಡಿಸಿತು.

ಈಗ ಆ ಜಾಗದಲ್ಲಿ ಸಿಲಿಕಾನ್ ಡಯೋಡ್ ಇದೆ. ಅದರ ಸುಂಕ ಸುಮಾರು 1 ವೋಲ್ಟ್. ಆದರೂ 100 ಆಂಪಿಯರ್ ಹರಿದರೆ 100 ವ್ಯಾಟ್ ಬಿಸಿ ಏಳುತ್ತದೆ. ದೊಡ್ಡ ಚಾರ್ಜರಿನ ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಕಟ್ಟಿರುವುದು ಅದಕ್ಕೇ.