ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರೂ ರೋಗಿಗಳ ಶುಶ್ರೂಷೆಯೂ

ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಕಾವೇರಿಯ ಪ್ರವಾಹದಿಂದ ನೊಂದ ಎಡತೊರೆಯ ಜನರಿಗಾಗಿ ಎತ್ತರದ ನೆಲದಲ್ಲಿ ಕಟ್ಟಿದ ಹೊಸ ಪಟ್ಟಣವು ಅವರ ಹೆಸರನ್ನೇ ಧರಿಸಿ ಇಂದಿಗೂ ಕೃಷ್ಣರಾಜನಗರವೆನಿಸಿಕೊಂಡಿದೆ. ಅವರ ಕಾಲದ ಅಣೆಕಟ್ಟು, ವಿಶ್ವವಿದ್ಯಾನಿಲಯಗಳ ವಿಷಯವನ್ನು ನಮ್ಮ ಬಾಲಿಕೆಯರು ಪಾಠಪುಸ್ತಕಗಳಲ್ಲಿ ಓದಿಯೇ ಇರುತ್ತಾರೆ. ಆದರೆ ಅವರ ಮನೆಯನ್ನೇ ಹೊಕ್ಕ ರೋಗಗಳನ್ನೂ, ಆ ದುಃಖದಿಂದ ಮೂಡಿದ ಒಂದು ಸತ್ಕಾರ್ಯವನ್ನೂ ಬಲ್ಲವರು ಕಡಮೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಸಂಸಾರ ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳ ತಂದೆತಾಯಿಗಳಿಗೂ ಅದನ್ನು ತಿಳಿಸಬೇಕೆಂಬುದೇ ನಮ್ಮ ಉದ್ದೇಶ.

ಕೃಷ್ಣರಾಜರವರು 1884ನೆಯ ಇಸವಿ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ಅವರಿಗೆ ಹತ್ತು ವರ್ಷ ತುಂಬಿದ್ದಾಗ, 1894ರ ಡಿಸೆಂಬರಿನಲ್ಲಿ, ತಂದೆಯವರಾದ ಶ್ರೀ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಗಂಟಲಮಾರಿ ರೋಗಕ್ಕೆ ತುತ್ತಾಗಿ ಪರಲೋಕವನ್ನೈದಿದರು. ಆ ರೋಗಕ್ಕೆ ಪ್ರತಿವಿಷದ ಚುಚ್ಚುಮದ್ದು ಗುಣಕಾರಿಯೆಂದು ಫ್ರಾನ್ಸಿನ ವೈದ್ಯ ಎಮಿಲ್ ರೂ ಎಂಬವರು ಅದೇ ವರ್ಷವೇ ಲೋಕಕ್ಕೆ ತೋರಿಸಿಕೊಟ್ಟಿದ್ದರು. ಮದ್ದು ಎಲ್ಲೆಡೆಗೂ ಹರಡುವುದಕ್ಕೆ ಮೊದಲೇ ಮೈಸೂರು ತನ್ನ ಅರಸರನ್ನು ಕಳೆದುಕೊಂಡಿತು. ಲೋಕದಲ್ಲಿ ಮದ್ದು ಇರುವುದು ಒಂದು. ಅದು ರೋಗಿಯ ಬಳಿಗೆ ಬರುವುದು ಮತ್ತೊಂದು.

ತಾಯಿಯವರಾದ ವಾಣೀವಿಲಾಸ ಸನ್ನಿಧಾನದವರು ರಾಜ್ಯವನ್ನು ನೋಡಿಕೊಂಡರು. 1902ನೆಯ ಆಗಸ್ಟ್ 8ರಂದು ರಾಜ್ಯಭಾರವನ್ನು ವಹಿಸಿಕೊಂಡ ಯುವ ಅರಸರು ಪ್ರಜೆಗಳ ಹಿತವನ್ನೇ ಚಿಂತಿಸಿದರು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. 1924ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು.

ಇಷ್ಟು ಅಭ್ಯುದಯದ ನಡುವೆಯೂ ಅರಮನೆಗೆ ಕ್ಷಯರೋಗವು ಕಾಲಿಟ್ಟಿತು. ಅರಸರ ಸಹೋದರಿ ಶ್ರೀಮತಿ ಕೃಷ್ಣಾಜಮ್ಮಣ್ಣಿಯವರೂ ಅವರ ಪುತ್ರಿಯರೂ ಅದಕ್ಕೆ ಬಲಿಯಾದರು. ಕ್ಷಯವಿದ್ದ ಮನೆಯ ಹೆಣ್ಣನ್ನು ತರಲು ಜನರು ಹಿಂಜರಿಯುತ್ತಿದ್ದ ಕಾಲವದು. ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವವರೇ ವಿರಳ. ಅರಸರಾದರೋ ಅದನ್ನು ಮುಚ್ಚಿಡದೆ, ಅಗಲಿದ ಸಹೋದರಿಯ ಹೆಸರನ್ನೇ ಇಟ್ಟು, 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳಿಗಾಗಿ ಚಿಕಿತ್ಸಾಲಯವನ್ನು ನೆಲೆಗೊಳಿಸಿದರು. ಕೃಷ್ಣರಾಜಸಾಗರದ ರಸ್ತೆಯಲ್ಲಿ ಹೋಗುವವರು ಅದನ್ನು ಇಂದಿಗೂ ಕಾಣಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಆಗ ಕ್ಷಯವನ್ನು ಕೊಲ್ಲುವ ಮದ್ದೇ ಇರಲಿಲ್ಲ. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ವಿಶ್ರಾಂತಿ, ದಾದಿಯರ ಆರೈಕೆ, ಇಷ್ಟೇ ಇದ್ದ ಸಾಧನ. ಸ್ಟ್ರೆಪ್ಟೋಮೈಸಿನ್ ಎಂಬ ಔಷಧವು ಅಮೇರಿಕದಲ್ಲಿ ದೊರೆತದ್ದು 1943ರಲ್ಲಿ. ಅರಸರು 1940ನೆಯ ಆಗಸ್ಟ್ 3ರಂದೇ ಕಾಲವಾಗಿದ್ದರು. ಗುಣವಾಗುವ ಭರವಸೆಯಿಲ್ಲದ ರೋಗಿಗೂ ಹಣ ವೆಚ್ಚಮಾಡುವುದು ರಾಜ್ಯದ ಧರ್ಮವೆಂದು ಅವರು ತಿಳಿದಿದ್ದರು.

ಈ ಚರಿತ್ರೆಯನ್ನು ಬರೆಯುವಾಗ ನಮ್ಮ ಕಾಲದ ಮತ್ತೊಂದು ರೋಗವು ನೆನಪಿಗೆ ಬಾರದಿರದು. ಎಚ್‌ಐವಿ ಎಂಬ ವೈರಾಣು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಅದು ರಕ್ತದಲ್ಲಿರುವ ಕಾವಲಿನ ಕಣಗಳನ್ನು ಕೊಲ್ಲುತ್ತಾ ಬಂದು, ಕಡೆಗೆ ದೇಹವು ಯಾವ ರೋಗವನ್ನೂ ತಡೆಯಲಾರದಂತೆ ಮಾಡುತ್ತದೆ. ಹಾಗೆ ಸೊರಗಿದವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊಲ್ಲುವುದು ಅದೇ ಹಳೆಯ ಕ್ಷಯ. ಅದು ದೇಹಸಂಬಂಧದಿಂದ, ಸೋಂಕಿದ ರಕ್ತದಿಂದ, ಹಂಚಿಕೊಂಡ ಸೂಜಿಯಿಂದ, ತಾಯಿಯಿಂದ ಶಿಶುವಿಗೆ ಹರಡುತ್ತದೆ. ಒಂದೇ ಬೆಂಚಿನಲ್ಲಿ ಕುಳಿತರೆ, ಒಂದೇ ಪಂಕ್ತಿಯಲ್ಲಿ ಉಂಡರೆ, ಕೈ ಹಿಡಿದರೆ ಹರಡದು. ಇದನ್ನು ಅರಿಯದೆ ನಾವೂ ಒಂದು ಕಾಲದಲ್ಲಿ ಅಂಜಿದ್ದೆವೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು 1996ರಲ್ಲಿ ಫಲ ಕೊಟ್ಟಿತು. ಆದರೆ 2000ದಲ್ಲಿಯೂ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 10,000 ಡಾಲರುಗಳಷ್ಟು ಖರ್ಚು ತಗಲುತ್ತಿತ್ತು. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿಯವರು ದಿನಕ್ಕೆ ಒಂದು ಡಾಲರಿಗೂ ಕಡಮೆ ಬೆಲೆಗೆ ಕೊಡಲು ಮುಂದೆ ಬಂದರು. 2004ರ ಏಪ್ರಿಲಿನಿಂದ ಭಾರತ ಸರ್ಕಾರವು ಈ ಮದ್ದನ್ನು ಉಚಿತವಾಗಿ ಕೊಡಲಾರಂಭಿಸಿತು. ಮದ್ದು ಕಂಡುಹಿಡಿದಂದಿನಿಂದ ಬಡವನ ಕೈಗೆ ಬರುವವರೆಗೆ ಎಂಟು ವರ್ಷಗಳು! ಅಷ್ಟರಲ್ಲಿ ಎಷ್ಟು ಮಕ್ಕಳು ತಬ್ಬಲಿಗಳಾದರೋ ದೇವರೇ ಬಲ್ಲನು.

ಇಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಗುಳಿಗೆಯನ್ನು ಪ್ರತಿದಿನವೂ ತಪ್ಪದೆ ನುಂಗುವವರು ಇತರರಂತೆಯೇ ದುಡಿದು ಬಾಳಬಲ್ಲರು. ವೈರಾಣುವು ಪರೀಕ್ಷೆಗೆ ಸಿಕ್ಕದಷ್ಟು ಅಡಗಿದಾಗ ಅವರಿಂದ ಸಂಗಾತಿಗೆ ದೇಹಸಂಬಂಧದಿಂದ ರೋಗ ಹರಡದು. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿದ 100 ತಾಯಂದಿರಲ್ಲಿ 15ರಿಂದ 45 ಮಂದಿಯ ಶಿಶುಗಳಿಗೆ ರೋಗ ತಗಲೀತು. ಚಿಕಿತ್ಸೆಯಿದ್ದರೆ 5ಕ್ಕಿಂತ ಕಡಮೆ. ಹೀಗಿರುವಾಗ ರೋಗಿಗಾಗಿ ವೆಚ್ಚಮಾಡಿದ ಹಣವು ನಿರೋಗಿಯನ್ನೂ ಕಾಪಾಡುತ್ತದೆಂಬುದು ಸ್ಪಷ್ಟ.

ಆದರೆ ಈ ಮದ್ದನ್ನು ಜೀವಮಾನವೆಲ್ಲಾ ಸೇವಿಸಬೇಕು. ನಡುವೆ ನಿಲ್ಲಿಸಿದರೆ ವೈರಾಣು ಮತ್ತೆ ತಲೆಯೆತ್ತಿ, ಮದ್ದಿಗೆ ಬಗ್ಗದಂತಾಗಲೂಬಹುದು. ಆದುದರಿಂದ ಇದಕ್ಕೆ ಕೊಡುವ ಹಣವು ಒಂದು ವರ್ಷ ಕೊಟ್ಟು ಮರುವರ್ಷ ಮರೆಯತಕ್ಕ ದಾನವಲ್ಲ. 2025ರ ಜನವರಿಯಲ್ಲಿ ಅಮೇರಿಕ ಸರ್ಕಾರವು ಪರದೇಶಗಳಿಗೆ ಕೊಡುತ್ತಿದ್ದ ನೆರವನ್ನು ತಡೆಹಿಡಿದಾಗ ಆಫ್ರಿಕದ ಅನೇಕ ಚಿಕಿತ್ಸಾಲಯಗಳು ತತ್ತರಿಸಿದವು. ನಮ್ಮ ಸರ್ಕಾರವಾದರೋ 2021ರಿಂದ 2026ರ ಮಾರ್ಚಿನವರೆಗಿನ ಐದು ವರ್ಷಗಳಿಗೆ 15,471 ಕೋಟಿ ರೂಪಾಯಿಗಳಿಗೂ ಹೆಚ್ಚು ಹಣವನ್ನು ತನ್ನ ಬೊಕ್ಕಸದಿಂದಲೇ ಗೊತ್ತುಮಾಡಿತು. ಅರಸರು ತೋರಿಸಿದ ದಾರಿಯೂ ಇದೇ ಅಲ್ಲವೇ?

ಗುಳಿಗೆ ಉಚಿತವಾದರೂ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯಿಂದ ಮೈಸೂರಿಗೆ ಬರುವ ಬಸ್ಸು ಉಚಿತವಲ್ಲದ ಮನೆಗಳಿವೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲದಲ್ಲಿ ಒಂದು ದಿನದ ಕೂಲಿ ತಪ್ಪಿದರೆ ಆ ದಿನ ಒಲೆಯುರಿಯದ ಮನೆಗಳೂ ಇವೆ. ಅವರ ಪ್ರಯಾಣಕ್ಕೆ, ಪರೀಕ್ಷೆಗೆ, ಪುಷ್ಟಿಯ ಆಹಾರಕ್ಕೆ ಹಣ ಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಪಂಚಾಯತಿಯ ಸದಸ್ಯೆಯರೂ ಇದ್ದೀರಿ. ಅಂಥ ಹಣ ಮಂಜೂರಾಗುವಲ್ಲಿ ನಿಮ್ಮ ಧ್ವನಿ ಕೇಳಲಿ. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ ಕರ್ತನ ಕಥೆಯನ್ನು ಬಾಲ್ಯದಲ್ಲಿ ಕಲಿತವರು ನೀವು. ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ, ಅರಸರು ಸಹೋದರಿಯ ಹೆಸರನ್ನು ಮರೆಮಾಡಲಿಲ್ಲವೆಂಬುದನ್ನು ನೆನೆದು, ಆ ಮನೆಯ ಬಾಗಿಲನ್ನು ಮೊದಲು ತಟ್ಟುವವರು ನೀವೇ ಆಗಬೇಕೆಂದು ಹಾರೈಸುತ್ತೇವೆ.