ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ಓದುಬರಹ ಬಲ್ಲವನಿಗೆ ಮೈಕಟ್ಟು ಬೇಡವೆಂಬ ವಿಚಿತ್ರ ಭಾವನೆಯೊಂದು ನಮ್ಮ ಪಟ್ಟಣಗಳಲ್ಲಿ ಬಹುಕಾಲದಿಂದ ಬೇರೂರಿರುವುದು. ಗರಡಿಯು ಪೈಲವಾನರದು, ಪುಸ್ತಕವು ಪಂಡಿತರದು ಎಂದು ನಾವೇ ಪಾಲು ಹಂಚಿಟ್ಟಿದ್ದೇವೆ. ಈ ಪಾಲನ್ನು ಒಪ್ಪದೆ ಎರಡನ್ನೂ ಒಂದೇ ಜನ್ಮದಲ್ಲಿ ಸಾಧಿಸಿದ ಕೆ. ವಿ. ಅಯ್ಯರರ ಚರಿತ್ರವನ್ನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

1897ರಲ್ಲಿ ಕೋಲಾರ ಸೀಮೆಯಲ್ಲಿ ಜನಿಸಿದ ಅಯ್ಯರರು ಬೆಂಗಳೂರಿನಲ್ಲಿ ನೆಲೆಸಿ, 1920ರ ದಶಕದಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಎಂಬ ವ್ಯಾಯಾಮಶಾಲೆಯನ್ನು ನಡೆಸತೊಡಗಿದರು. ಭೀಮ, ಆಂಜನೇಯರಿರುವ ನಾಡಿನಲ್ಲಿ ಗ್ರೀಕರ ವೀರನ ಹೆಸರೇಕೆಂದು ಸ್ವದೇಶಾಭಿಮಾನಿಗಳು ಕೇಳಬಹುದು. ನಮಗೂ ಆ ಹೆಸರು ಅಷ್ಟಾಗಿ ಹಿಡಿಸದು. ಆದರೆ ಹೆಸರನ್ನು ಬಿಟ್ಟು ಒಳಹೊಕ್ಕು ನೋಡಿದವರಿಗೆ ಅಲ್ಲಿ ಪಾಶ್ಚಾತ್ಯರ ಕಬ್ಬಿಣದ ಗುಂಡುಗಳ ಜೊತೆಗೆ ನಮ್ಮ ಸೂರ್ಯನಮಸ್ಕಾರ, ಆಸನಗಳೂ ಸಮಾನವಾಗಿ ಕಾಣುತ್ತಿದ್ದವು. ಯೋಗಪಟುಗಳಾದ ಎಸ್. ಸುಂದರಂ ಅವರೊಡನೆ ಕೂಡಿ ಅಯ್ಯರರು ಊರೂರುಗಳಲ್ಲಿ ಉಪನ್ಯಾಸ, ಪ್ರಾತ್ಯಕ್ಷಿಕೆಗಳನ್ನು ನಡೆಸಿದರು. ಪರದೇಶದ ವಿದ್ಯೆಯನ್ನು ಕಲಿಯುವುದರಿಂದ ಸ್ವದೇಶದ್ದು ಕೆಡುವುದಿಲ್ಲ, ಕಲಿಯುವವನಿಗೆ ತನ್ನದರ ಬೆಲೆ ಗೊತ್ತಿರಬೇಕಷ್ಟೆ.

1930ರಲ್ಲಿ ಮಸಲ್ ಕಲ್ಟ್ ಎಂಬ ಇಂಗ್ಲಿಷ್ ಗ್ರಂಥವೂ, 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತ ಗ್ರಂಥವೂ ಹೊರಬಿದ್ದವು. ಶಾಲೆಗೆ ಬರಲಾರದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಟನ್ನು ಅವರು ಮಾಡಿದುದು ನಮಗೆ ಎಲ್ಲಕ್ಕಿಂತ ಮಿಗಿಲಾಗಿ ತೋರುತ್ತದೆ. ಕಚೇರಿಯಿಂದ ಬಂದ ಗುಮಾಸ್ತನು ತನ್ನ ಮನೆಯ ಪಡಸಾಲೆಯಲ್ಲಿಯೇ, ಅಖಾಡದ ಮಣ್ಣಿಗಿಳಿಯುವ ಸಂಕೋಚವಿಲ್ಲದೆ, ದೇಹವನ್ನು ತಿದ್ದಿಕೊಳ್ಳಬಹುದಾಯಿತು. ಅವರು ತಮ್ಮ ದೇಹದ ಚಿತ್ರಗಳನ್ನು ಅಷ್ಟೊಂದು ಅಚ್ಚು ಹಾಕಿಸಿದುದು ಆತ್ಮಪ್ರದರ್ಶನವೆಂದು ಆಕ್ಷೇಪಿಸುವವರುಂಟು. ಆಕ್ಷೇಪವು ಪೂರ್ತಿ ಸುಳ್ಳಲ್ಲ. ಆದರೂ ವೈದ್ಯನೇ ರೋಗಿಯಾಗಿದ್ದರೆ ಔಷಧವನ್ನು ಕೊಳ್ಳುವವರಾರು?

ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ತಮ್ಮ ವ್ಯಾಯಾಮಗುರುವನ್ನಾಗಿ ಬರಮಾಡಿಕೊಂಡರು. ಜಗನ್ಮೋಹನ ಅರಮನೆಯಲ್ಲಿ ಅಯ್ಯರರ ಶಿಷ್ಯ ಅನಂತರಾಯರು ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದರು. ಅದರ ಸಮೀಪದಲ್ಲಿಯೇ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ. ಇಂದು ಲೋಕವೆಲ್ಲ ಹಬ್ಬಿರುವ ಆಸನಾಭ್ಯಾಸಕ್ಕೆ ಮೈಸೂರಿನ ಈ ನೆರೆಹೊರೆಯೂ ಕಾರಣವಾಗಿರಬಹುದೇ ಎಂದು ವಿದ್ವಾಂಸರು ಇತ್ತೀಚೆಗೆ ಚರ್ಚಿಸಿದ್ದಾರೆ.

ಕಾಲೇಜಿನ ಬಾಸ್ಕೆಟ್‌ಬಾಲ್ ತಂಡವನ್ನು ತಯಾರಿಸುವ ಗುರುವಿನ ಯಶಸ್ಸನ್ನು ಗೆದ್ದ ಪಂದ್ಯಗಳಿಂದ ಅಳೆಯುವರು, ಗೆಲುವಿನ ಪಟ್ಟಿಯು ಅವನ ತರುವಾಯವೂ ಉಳಿಯುವುದು. ವ್ಯಾಯಾಮಗುರುವಿಗೆ ಆ ಭಾಗ್ಯವಿಲ್ಲ. ಅವನ ಕೃತಿಯೆಂದರೆ ಶಿಷ್ಯರ ದೇಹ. ಶಿಷ್ಯರು ಮುಪ್ಪಾದಂತೆ ಅದೂ ಅಳಿಯುತ್ತದೆ. ಬಹುಶಃ ಇದನ್ನರಿತೇ ಅಯ್ಯರರು ಲೇಖನಿಯನ್ನೂ ಹಿಡಿದರೆಂದು ನಮ್ಮ ಊಹೆ.

ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತಮಿತ್ರರು. 1946ರಲ್ಲಿ ಕೈಲಾಸಂ ತೀರಿಕೊಂಡ ಬಳಿಕ, ಅಯ್ಯರರು ಆ ಗೆಳೆತನದ ನೆನಪುಗಳನ್ನು ಗ್ರಂಥರೂಪದಲ್ಲಿ ಬರೆದಿಟ್ಟರು. ಅವರ ‘ಶಾಂತಲಾ’ ಕಾದಂಬರಿಯು ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯ ಕಥೆ. ಹಾನಗಲ್ಲನ್ನು ಗೆದ್ದು, ತನ್ನ ಕೊನೆಯ ವರುಷಗಳಲ್ಲಿ ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ಆ ಅರಸನು ನಮ್ಮ ಸೀಮೆಗೆ ಪರಕೀಯನಲ್ಲ. ಗಳಗನಾಥರ ಐತಿಹಾಸಿಕ ಕಾದಂಬರಿಗಳಿಂದ ಓದಿನ ರುಚಿ ಕಂಡ ಹಾವೇರಿಯ ಮನೆತನಗಳಿಗೆ ‘ಶಾಂತಲಾ’ ಸಹಜವಾಗಿಯೇ ಹಿಡಿಸುವಂಥದು.

ಆದರೆ ನಮಗೆ ‘ರೂಪದರ್ಶಿ’ಯೇ ಹೆಚ್ಚು ಪ್ರಿಯ. ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ಕುಳಿತ ಮುದ್ದು ಮಗುವೇ ವರುಷಗಳು ಕಳೆದ ಮೇಲೆ, ಗುರುದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗಿ ದೊರೆಯುವ ಕಥೆಯದು. ಒಂದೇ ಮೈ, ಒಂದೇ ಮುಖ. ನಡತೆಯು ಅದನ್ನು ಹೇಗೆ ಕೆಡಿಸಿತೆಂಬುದನ್ನು, ಮನುಷ್ಯರ ಮೈಯನ್ನು ದಿನವೂ ಕಣ್ಣಿಟ್ಟು ನೋಡಿ ತಿದ್ದಿದವರೇ ಹಾಗೆ ಬರೆಯಬಲ್ಲರು. ಅಯ್ಯರರು 1980ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕಾಲವಶರಾದರು.